ಬೇಲಿಯಾಚೆಯ ಧ್ವಜಕಂಬ

ಜುಲೈ 3

ಎಸ್ಬೆನ್ ಬಂದಿದ್ದ. ನಮ್ಮ ಹೋಮ್‌ಗಾರ್ಡ್ ದಳದ ಕ್ಯಾಪ್ಟನ್. ವಾರವಿಡೀ ವಿಮೆ ಮಾರುತ್ತಾನೆ, ಶನಿವಾರ ಸಮವಸ್ತ್ರ ತೊಟ್ಟು ಡೆನ್ಮಾರ್ಕನ್ನು ಕಾಯುತ್ತಾನೆ. ಎರಡಕ್ಕೂ ಅದೇ ಹಲ್ಲುಕಿರಿತ. ಶಾಲೆಯಲ್ಲಿ ಅವನಿಗೆ ಚರಿತ್ರೆ ಕಲಿಸಿದವನು ನಾನೇ. ಅವನು ಏನೂ ಕಲಿಯಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸೆಪ್ಟೆಂಬರಿನಲ್ಲಿ ಅಮೆರಿಕದಿಂದ ಇಪ್ಪತ್ತನಾಲ್ಕು ಮಂದಿ ಬರುತ್ತಾರಂತೆ. ನಮ್ಮ ಹಾಗೆಯೇ ಅರೆಕಾಲದ ಸೈನಿಕರು. ಎರಡು ವಾರ ನಮ್ಮ ಜೊತೆ ತರಬೇತಿ. ಬರುವ ಮುಂಚೆಯೇ ಅವರಿಗೆ ಡೇನಿಷ್ ಸಂಸ್ಕೃತಿ ಅರ್ಥವಾಗಿರಬೇಕು ಎಂದು ಮೇಲಿನವರ ಅಪ್ಪಣೆ. ಪ್ರತಿ ಗುರುವಾರ ಒಂದು ಗಂಟೆ ನಾನು ಕಂಪ್ಯೂಟರಿನ ಮುಂದೆ ಕುಳಿತು ಅದನ್ನು ಅರ್ಥ ಮಾಡಿಸಬೇಕು.

"ನೀನು ಮೇಷ್ಟ್ರಾಗಿದ್ದವನು, ಸಾರ್ಜೆಂಟ್ ಬೇರೆ, ಮೂವತ್ತು ವರ್ಷ ದಳದ ಧ್ವಜ ನೋಡ್ಕೊಂಡವನು. ನಿನ್ನ ಬಿಟ್ರೆ ಇನ್ಯಾರಿದಾರೆ ಥೋರ್ಕಿಲ್?" ಎಂದ.

"ಇನ್ಯಾರೂ ಒಪ್ಪಲಿಲ್ಲ ಅನ್ನು."

"ಅದೂ ಹೌದು."

ತಾನೇ ತಯಾರಿಸಿದ ಚಿತ್ರಗಳನ್ನೂ ಕೊಟ್ಟು ಹೋದ. ಮೊದಲನೆಯದರಲ್ಲಿ ಒಂದು ಮೇಣದಬತ್ತಿ. ಎರಡನೆಯದರಲ್ಲಿ ಮೇಣದಬತ್ತಿಯ ಜೊತೆ ಉಣ್ಣೆಯ ಕಾಲುಚೀಲ. ಮೂರನೆಯದರಲ್ಲಿ ಸೈಕಲ್ಲು. ಕೆಳಗೆ, 'ನಾವು ಜಗತ್ತಿನಲ್ಲೇ ಅತ್ಯಂತ ಸುಖಿ ಜನ' ಎಂಬ ಬರಹ. ಸುಖಿ ಜನರನ್ನು ನೋಡಬೇಕಾದವರು ನಮ್ಮ ಅಡುಗೆಮನೆಯ ಕಿಟಕಿಗೆ ಬರಲಿ. ಬೇಲಿಯಾಚೆ ನನ್ನ ಅಣ್ಣ ಎಗನ್ ಇದ್ದಾನೆ. ಅಮ್ಮನ ಮನೆ, ಅಮ್ಮನ ತೋಟ, ಅಮ್ಮನ ಧ್ವಜಕಂಬ ಎಲ್ಲವೂ ಅವನ ಪಾಲಿಗೆ ಹೋಯಿತು. ಮದುವೆಯಾಗಲಿಲ್ಲ, ಅಂಥವನಿಗೆ ಯಾರು ಸಿಗುತ್ತಾರೆ? ಹನ್ನೊಂದು ವರ್ಷದಿಂದ ಅವನಿಗೂ ನನಗೂ ಮಾತಿಲ್ಲ. ಅತ್ಯಂತ ಸುಖವಾಗಿದ್ದೇವೆ.

ಜುಲೈ 9

ಮೊದಲ ಪಾಠ. ಪರದೆಯ ಮೇಲೆ ಇಪ್ಪತ್ತನಾಲ್ಕು ಮುಖ, ಅದರಲ್ಲಿ ಆರು ಮುಖ ಏನನ್ನೋ ಮೆಲ್ಲುತ್ತಿದ್ದವು.

ನಮ್ಮಲ್ಲಿ 'ಸರ್' ಎನ್ನುವುದಿಲ್ಲ ಎಂದೆ. ಕ್ಯಾಪ್ಟನ್ ಆಗಲಿ, ಪಾದ್ರಿಯಾಗಲಿ, ಮಂತ್ರಿಯಾಗಲಿ, ಹೆಸರು ಹಿಡಿದು ಕರೆಯುವುದು. ಐದು ನಿಮಿಷ ತಡವಾಗಿ ಬಂದರೆ ತಪ್ಪು. ಐದು ನಿಮಿಷ ಮುಂಚೆ ಬಂದು ಗಂಟೆ ಒತ್ತಿದರೂ ತಪ್ಪು, ಒಳಗೆ ಹೆಂಗಸು ಇನ್ನೂ ತಲೆ ಬಾಚುತ್ತಿರುತ್ತಾಳೆ. ಬೇಗ ಬಂದವನು ರಸ್ತೆಯಲ್ಲಿ ಕಾರಿನೊಳಗೆ ಕುಳಿತಿರಬೇಕು. ಮುಖ್ಯವಾಗಿ, ತಾನೇನೋ ದೊಡ್ಡ ಮನುಷ್ಯ ಎಂದು ಯಾರೂ ತಿಳಿದುಕೊಳ್ಳಬಾರದು.

ಕೂಡಲೇ ಒಬ್ಬಳು ಕೈ ಎತ್ತಿದಳು. ಸಾರ್ಜೆಂಟ್ ರೋಂಡಾ ಟಿಬೆಟ್ಸ್, ನಲವತ್ತು ದಾಟಿದ ಹೆಂಗಸು, ಊರಿನಲ್ಲಿ ಶಾಲೆಯ ಬಸ್ಸು ಓಡಿಸುತ್ತಾಳಂತೆ. ಗಂಟಲು ಹಾಗೇ ಇದೆ.

"ಸರ್, ಒಂದು ಡೌಟು. ದೊಡ್ಡ ಮನುಷ್ಯ ಅಂತ ಯಾರೂ ತಿಳ್ಕೋಬಾರ್ದು ಅಂದ್ರಲ್ಲ, ಅದು ನಿಮಗೂ ಲಾಗೂ ಆಗತ್ತಾ?"

ಇಪ್ಪತ್ತಮೂರು ಮಂದಿ ನಕ್ಕರು. ನಾನು ಮುಂದಿನ ಚಿತ್ರ ಹಾಕಿದೆ. ಸೈಕಲ್ಲು.

ಜುಲೈ 11

ಶನಿವಾರದ ಅಳತೆ: ಗಿಡದ ಬೇಲಿ ಎರಡು ಮೀಟರ್ ಎರಡು ಸೆಂಟಿ. ಒಂದು ಮೀಟರ್ ಎಂಬತ್ತು ಇರಬೇಕಾದದ್ದು. ಅವನ ಕಡೆಯಿಂದ ಕತ್ತರಿ ಆಡಿದ್ದು ವಸಂತದಲ್ಲಿ ಒಮ್ಮೆ, ಅಷ್ಟೇ. ಸೋಮಾರಿ.

ಜುಲೈ 23

ಇವತ್ತಿನ ಪಾಠ, ಧನ್ಯವಾದ. ಊಟ ಮುಗಿದರೆ ಹೇಳಬೇಕು, ಕಾಫಿಗೆ ಹೇಳಬೇಕು, ಹೊರಡುವಾಗ ಹೇಳಬೇಕು. ಮುಂದಿನ ಸಲ ಎದುರಾದಾಗ ಎಲ್ಲಕ್ಕಿಂತ ಮೊದಲು 'ಹೋದ ಸಲ ಸಿಕ್ಕಿದ್ದಕ್ಕೆ ಥ್ಯಾಂಕ್ಸ್' ಎನ್ನಬೇಕು. ಹೋದ ಸಲ ಆರು ತಿಂಗಳ ಹಿಂದೆ ಆಗಿದ್ದರೂ ಸರಿ.

"ಹೋದ ಸಲ ಸಿಕ್ಕಾಗ ಜಗಳ ಆಗಿದ್ರೆ?" ರೋಂಡಾ ಕೇಳಿದಳು. ಇನ್ಯಾರು ಕೇಳುತ್ತಾರೆ.

"ಆಗಲೂ ಹೇಳಬೇಕು."

"ಹೇಳ್ದೇ ಇದ್ರೆ?"

"ಕೋಪ ಇನ್ನೂ ಇದೆ ಅಂತ ಅರ್ಥ."

"ಹಾಗಾದ್ರೆ ಸಖತ್ ಸುಲಭ ಬಿಡಿ. ಒಂದು ಮಾತು ಅಂದುಬಿಟ್ರೆ ಜಗಳ ಮುಗೀತು."

ಅಮೆರಿಕದವರಿಗೆ ಎಲ್ಲವೂ ಸುಲಭ. ಇತಿಹಾಸ ಇಲ್ಲದವರ ಕಥೆಯೇ ಇಷ್ಟು.

ಪಾಠ ಮುಗಿಸಿ ಅಡುಗೆಮನೆಗೆ ಬಂದರೆ ನನ್ನ ಹೆಂಡತಿ ಲಿಸ್ಬೆತ್ ಸೂಪಿನ ಪಾತ್ರೆಗೆ ಮುಚ್ಚಳ ಹಾಕುತ್ತಿದ್ದಳು. ಅವಳು ಬೇಲಿಯಾಚೆಗೆ ಹೋಗಿ ಬರುತ್ತಾಳೆಂದು ನನಗೆ ಗೊತ್ತು. ನನಗೆ ಗೊತ್ತೆಂದು ಅವಳಿಗೂ ಗೊತ್ತು. ಆ ವಿಷಯ ಎತ್ತದೆ ಹನ್ನೊಂದು ವರ್ಷ ಚೆನ್ನಾಗಿ ಸಂಸಾರ ಮಾಡಿದ್ದೇವೆ. ಇವತ್ತು ಅವಳು ಎತ್ತಿದಳು.

"ಎಗನ್‌ಗೆ ಶ್ವಾಸಕೋಶದಲ್ಲಿ ಗಡ್ಡೆ. ಆಸ್ಪತ್ರೆಯವರು ಇನ್ನು ಮಾಡೋದೇನಿಲ್ಲ ಅಂದ್ರಂತೆ. ಕ್ರಿಸ್‌ಮಸ್ ಕಾಣೋದು ಕಷ್ಟ."

"ಅರವತ್ತು ವರ್ಷ ಪೈಪ್ ಸೇದಿದರೆ ಮತ್ತೇನು ಬರುತ್ತೆ? ಬಹುಮಾನವಾ?"

"ಥೋರ್ಕಿಲ್, ನಿನಗಿರೋನು ಒಬ್ಬನೇ ಅಣ್ಣ."

"ಒಬ್ಬನೇ ಸಾಕಾಯ್ತು."

ಅವಳು ಪಾತ್ರೆ ಎತ್ತಿಕೊಂಡು ಹೋದಳು. ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ನನಗೆ ಅದು ಇನ್ನೂ ಸಿಟ್ಟು ತರಿಸಿತು.

ಜುಲೈ 24

ಅವನ ಕರ್ಮ ಅವನಿಗೆ. ನನಗೇನು?

ಬೆಳಿಗ್ಗೆ ಐದು ಹತ್ತಕ್ಕೆ ಅವನ ಅಡುಗೆಮನೆಯ ದೀಪ ಹತ್ತಿತು. ಮೊದಲೆಲ್ಲ ಆರಕ್ಕೆ ಹತ್ತುತ್ತಿತ್ತು. ನಾನು ನೋಡಲು ನಿಂತಿರಲಿಲ್ಲ, ನಮ್ಮ ಸಿಂಕು ಇರುವುದೇ ಆ ಕಿಟಕಿಯ ಎದುರು.

ಆಗಸ್ಟ್ 6

ಧ್ವಜದ ಪಾಠ. ಎಸ್ಬೆನ್ನನ ಚಿತ್ರಗಳನ್ನು ಮುಟ್ಟಲೇ ಇಲ್ಲ. ಇದು ನನ್ನ ವಿಷಯ.

ಬೆಳಿಗ್ಗೆ ಎಂಟಕ್ಕೆ ಮುಂಚೆ ಏರಿಸಬಾರದು. ಸೂರ್ಯ ಮುಳುಗುವಾಗ ಇಳಿಸಲೇಬೇಕು. ಮುಳುಗಿದ ಮೇಲೂ ಹಾರುತ್ತಿದ್ದರೆ ಅದು ಸೈತಾನನಿಗೆ ಹೊಡೆದ ಸಲ್ಯೂಟು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ನೆಲಕ್ಕೆ ತಾಗಬಾರದು, ಹಾಗಾಗಿ ಇಳಿಸಲು ಇಬ್ಬರು ಬೇಕು. ಒಬ್ಬ ಹಗ್ಗ ಬಿಡುವವನು, ಇನ್ನೊಬ್ಬ ಕೈಚಾಚಿ ಹಿಡಿಯುವವನು. ಮನೆಯಲ್ಲಿ ಯಾರದೇ ಹುಟ್ಟುಹಬ್ಬವಾದರೂ ಏರಿಸಬೇಕು, ಅದು ನಾಲ್ಕು ವರ್ಷದ ಮಗುವಿನದಾದರೂ ಸರಿ. ಮಣ್ಣು ಮಾಡುವ ದಿನ ಅರ್ಧ ಕಂಬಕ್ಕೆ. ಶವಪೆಟ್ಟಿಗೆ ನೆಲಕ್ಕಿಳಿದ ಮೇಲೆ ಯಾರಾದರೂ ಹೋಗಿ ಅದನ್ನು ತುದಿಗೆ ಏರಿಸಬೇಕು. ದುಃಖ ಅಲ್ಲಿಗೆ ಮುಗಿಯಿತು, ಸತ್ತವರಿಗೆ ಗೌರವ ಸಂದಿತು ಎಂದು ಊರಿಗೆ ತಿಳಿಯುವುದು ಹಾಗೆ.

ಎಲ್ಲರೂ ಬರೆದುಕೊಳ್ಳುತ್ತಿದ್ದರು. ಮೆಲ್ಲುವವರೂ ಬಾಯಿ ನಿಲ್ಲಿಸಿದ್ದರು. ನನಗೆ ಹುಮ್ಮಸ್ಸು ಬಂತು. ಮೇಷ್ಟ್ರುಗಳಿಗೆ ಹುಮ್ಮಸ್ಸು ಬಂದರೆ ಆಗುವುದು ಅನಾಹುತವೇ.

ಇದು ಎಷ್ಟು ದೊಡ್ಡ ವಿಷಯ ಎಂದು ತೋರಿಸಲು ಒಂದು ಉದಾಹರಣೆ ಕೊಟ್ಟೆ. ಒಂದೂರಲ್ಲಿ ಅಣ್ಣತಮ್ಮ ಇದ್ದರು. ಅಮ್ಮ ತೀರಿಕೊಂಡಳು. ಧ್ವಜ ಅಣ್ಣನ ಅಂಗಳದ ಕಂಬದಲ್ಲಿ ಅರ್ಧಕ್ಕೆ ನಿಂತಿತ್ತು. ಮಣ್ಣು ಮುಗಿಸಿ ಊರವರೆಲ್ಲ ಸಮುದಾಯ ಭವನದಲ್ಲಿ ಕಾಫಿಗೆ ಕುಳಿತರು. ಅಣ್ಣ ಏಳಲಿಲ್ಲ. ಸ್ನ್ಯಾಪ್ಸ್ ಸಾರಾಯಿ ಕುಡಿಯುತ್ತ ಕುಳಿತ. ಕತ್ತಲಾಯಿತು, ಮಳೆ ಬಂತು, ಧ್ವಜ ರಾತ್ರಿಯಿಡೀ ಅರ್ಧಕ್ಕೇ ನೆನೆಯುತ್ತ ನೇತಾಡಿತು. ಬೆಳಗಾದ ಮೇಲೆ ತಮ್ಮ ಹೋಗಿ, 'ನಿನಗಿದ್ದದ್ದು ಒಂದೇ ಕೆಲಸ' ಎಂದ. ಅಣ್ಣ 'ಹೌದಾ' ಎಂದು ಬಾಗಿಲು ಹಾಕಿಕೊಂಡ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಆಮೇಲೆ ಅದೇ ಕೈ ಮೇಲೆ ಬಂತು.

"ಆ ಭವನದಿಂದ ಧ್ವಜ ಕಾಣಿಸ್ತಿತ್ತಾ ಸರ್?"

"ಕಾಣಿಸುತ್ತಿತ್ತು. ರಸ್ತೆಯಾಚೆಯೇ ಇತ್ತು."

"ತಮ್ಮ ಎಲ್ಲಿ ಕೂತಿದ್ದ?"

"ಕಿಟಕಿ ಪಕ್ಕ."

"ಅಲ್ಲಾ, ಮತ್ತೆ ಅವನೇ ಎದ್ದು ಹೋಗಿ ಏರಿಸಬಹುದಿತ್ತಲ್ಲ? ಅವನಿಗೂ ಅವಳು ಅಮ್ಮನೇ ತಾನೇ?"

ಕಂಬ ಅಣ್ಣನದು ಎಂದೆ. ಅದು ಅವನ ಹೊಣೆ, ಬೇರೆಯವರ ಕಂಬ ಮುಟ್ಟುವ ಪದ್ಧತಿ ನಮ್ಮಲ್ಲಿ ಇಲ್ಲ ಎಂದೆ. ಅವಳು "ಓಹೋ" ಎಂದಳು. ಶಾಲೆಯ ಹುಡುಗರು ಬಸ್ಸಿನಲ್ಲಿ ಸುಳ್ಳು ಹೇಳಿದಾಗಲೂ ಹಾಗೆಯೇ ಅನ್ನುತ್ತಾಳೆಂದು ಕಾಣುತ್ತದೆ. ಗಂಟೆ ಮುಗಿಯಲು ಹದಿನೈದು ನಿಮಿಷ ಇರುವಾಗಲೇ ಪಾಠ ಮುಗಿಸಿದೆ.

ತಲೆಬುಡ ತಿಳಿಯದ ಹೆಂಗಸು. ಒಂದು ದೇಶದ ಎಂಟುನೂರು ವರ್ಷದ ನಡವಳಿಕೆಯನ್ನು ಬಸ್ಸಿನ ಟಿಕೆಟ್ಟಿನ ಹಾಗೆ ತಿರುಗಿಸಿ ನೋಡುತ್ತಾಳೆ.

ಆಗಸ್ಟ್ 7

ಅಮ್ಮನನ್ನು ಮಣ್ಣು ಮಾಡಿದ ದಿನ ಭವನದ ಕಿಟಕಿಯಿಂದ ಮೂರೂವರೆಗೆ ನೋಡಿದ್ದೆ. ನಾಲ್ಕಕ್ಕೂ ನೋಡಿದ್ದೆ. ನಾಲ್ಕೂಮುಕ್ಕಾಲಿಗೆ ಕೋಟು ಹಾಕಿಕೊಂಡು ಬಾಗಿಲವರೆಗೂ ಹೋಗಿದ್ದೆ. ಅವನೇನು ಮಾಡುತ್ತಾನೆ ನೋಡಿಯೇಬಿಡೋಣ ಎಂದು ವಾಪಸ್ಸು ಬಂದು ಕುಳಿತೆ.

ಇದನ್ನು ಯಾಕೆ ಬರೆದೆನೋ.

ಆಗಸ್ಟ್ 22

ಬೇಲಿ ಎರಡು ಮೀಟರ್ ಹದಿನಾಲ್ಕು. ನಾನೇ ಕತ್ತರಿಸಿದೆ, ಕಾನೂನು ಕಾನೂನೇ. ಏಣಿಯ ಮೇಲೆ ನಿಂತಾಗ ಅವನ ಕಡೆಯ ಮಗ್ಗುಲೂ ಕೈಗೆ ಎಟುಕುತ್ತಿತ್ತು, ಅದನ್ನೂ ಕತ್ತರಿಸಿದೆ. ಒಂದು ಮಗ್ಗುಲು ಬಿಟ್ಟರೆ ನೋಡುವವರಿಗೆ ಅರ್ಧ ಬೋಳಿಸಿದ ಗಡ್ಡದ ಹಾಗೆ ಕಾಣುತ್ತದೆ.

ಎಗನ್ ಕಿಟಕಿಯಲ್ಲಿ ಕುಳಿತಿದ್ದ. ಮೂಗಿಗೆ ಪ್ಲಾಸ್ಟಿಕ್ ನಳಿಗೆ. ಬಿಳಿಚಿಕೊಂಡು ತೆಳ್ಳಗಾಗಿದ್ದಾನೆ. ಕತ್ತರಿಯತ್ತ ನೋಡಿದ, ನನ್ನ ಮುಖ ನೋಡಲಿಲ್ಲ. ಉಪಕಾರಸ್ಮರಣೆ ಇಲ್ಲದ ಪ್ರಾಣಿ.

ಸೆಪ್ಟೆಂಬರ್ 8

ಬಂದರು. ಇಪ್ಪತ್ತನಾಲ್ಕು ಮಂದಿ, ಎಪ್ಪತ್ತು ಚೀಲ. ಎಸ್ಬೆನ್ ಮೇಣದಬತ್ತಿ ಹಚ್ಚಿಸಿದ್ದ, ಹಾಡಹಗಲಲ್ಲಿ. ತರಬೇತಿ ಮೈದಾನದಲ್ಲಿ ಅವರು ಎಲ್ಲದಕ್ಕೂ 'ಅದ್ಭುತ' ಎನ್ನುತ್ತಾರೆ. ಮಣ್ಣು ಅದ್ಭುತ, ಗಾಳಿ ಅದ್ಭುತ, ರೈ ಬ್ರೆಡ್ಡಿನ ಮೇಲಿನ ಹುಳಿ ಮೀನೂ ಅದ್ಭುತ, ಕಣ್ಣಲ್ಲಿ ನೀರು ಸುರಿಸಿಕೊಂಡು ಹಾಗೆನ್ನುತ್ತಾರೆ. ನಮ್ಮ ಹುಡುಗರು 'ಪರವಾಗಿಲ್ಲ' ಎಂದರೆ ಅವರಿಗೆ ಬೇಜಾರು. ಮೊದಲನೇ ಪಾಠದಲ್ಲೇ ಹೇಳಿದ್ದೆ, ಪರವಾಗಿಲ್ಲ ಎನ್ನುವುದು ನಮ್ಮಲ್ಲಿ ದೊಡ್ಡ ಮೆಚ್ಚುಗೆ ಎಂದು. ಯಾರು ಕೇಳಿಸಿಕೊಂಡಿದ್ದಾರೆ?

ವಾರದ ಕೊನೆಗೆ ಒಬ್ಬೊಬ್ಬರನ್ನು ಒಂದೊಂದು ಮನೆಗೆ ಹಂಚಿದ್ದಾರೆ. ನನ್ನ ಪಾಲಿಗೆ ಯಾರು ಬಂದರೆಂದು ಬರೆಯುವ ಅಗತ್ಯವಿಲ್ಲ.

ಸೆಪ್ಟೆಂಬರ್ 11

ರೋಂಡಾ ಸಂಜೆ ಆರಕ್ಕೆ ಬರಬೇಕಿತ್ತು. ಐದು ಐವತ್ತಕ್ಕೆ ನೋಡಿದರೆ ರಸ್ತೆಯಂಚಿನಲ್ಲಿ ಕಾರು ನಿಲ್ಲಿಸಿಕೊಂಡು ಒಳಗೇ ಕುಳಿತಿದ್ದಾಳೆ. ಸರಿಯಾಗಿ ಆರಕ್ಕೆ ಗಂಟೆ ಒತ್ತಿದಳು. ಲಿಸ್ಬೆತ್ ನಕ್ಕು ನಕ್ಕು ಸುಸ್ತಾದಳು. ನಾನು ನಗಲಿಲ್ಲ. ಒಬ್ಬಳಾದರೂ ಪಾಠ ಕೇಳಿದ್ದಾಳೆ ಎಂದುಕೊಂಡೆ, ಅಷ್ಟೇ.

ಊಟಕ್ಕೆ ಮುಂಚೆ ತೋಟಕ್ಕೆ ಬಂದಳು. ಬೇಲಿ ನೋಡಿದಳು. ಆಚೆಯ ಬೋಳು ಕಂಬ ನೋಡಿದಳು. ರಸ್ತೆಯ ಆ ಬದಿಯ ಸಮುದಾಯ ಭವನದ ಕಿಟಕಿಗಳನ್ನು ನೋಡಿದಳು. ಬಸ್ಸು ಓಡಿಸುವವರಿಗೆ ಮೂರೂ ಕಡೆ ಕಣ್ಣಿರುತ್ತದೆ.

"ಇದೇನಾ ಆ ಕಂಬ?"

ನಾನು ಬೇಲಿಯಿಂದ ಹೊರಚಾಚಿದ್ದ ಒಂದು ಎಲೆ ಕಿತ್ತೆ.

"ಕ್ಷಮಿಸಿ ಸರ್. ಅವತ್ತು ಅದು ಪುಸ್ತಕದ ಕಥೆ ಅಂದ್ಕೊಂಡೆ. ಗೊತ್ತಿದ್ರೆ ಅಷ್ಟು ಜನರ ಮುಂದೆ ಕೇಳ್ತಿರಲಿಲ್ಲ."

"ಸರ್ ಅನ್ನಬೇಡ ಅಂತ ಎಷ್ಟು ಸಲ ಹೇಳಬೇಕು?"

"ಸರಿ ಥೋರ್ಕಿಲ್. ಆದ್ರೆ ಒಬ್ಬಳೇ ಇದ್ದಿದ್ರೆ ಕೇಳ್ತಿದ್ದೆ."

ಊಟದ ಹೊತ್ತಿಗೆ ಲಿಸ್ಬೆತ್ ಏನೂ ಅರಿಯದವಳ ಹಾಗೆ, ನಾಳೆ ಎಗನ್‌ಗೆ ಎಪ್ಪತ್ತೈದು ತುಂಬುತ್ತದೆ ಎಂದಳು. ರೋಂಡಾ ನನ್ನ ಕಡೆ ನೋಡಿದಳು. ನಾನು ಆಲೂಗಡ್ಡೆಯ ಕಡೆ ನೋಡಿದೆ.

ಸೆಪ್ಟೆಂಬರ್ 12

ಆರಕ್ಕೇ ಎಚ್ಚರ. ಎಂಟಾಗುವವರೆಗೆ ಸಿಂಕಿನ ಬಳಿ ಬೇಕಾದಷ್ಟು ಕೆಲಸ ಇತ್ತು. ಪಾತ್ರೆಗಳನ್ನು ಎರಡು ಸಲ ತೊಳೆದೆ.

ಎಗನ್ ಎಂಥವನೇ ಆಗಿರಲಿ, ಪ್ರತಿ ವರ್ಷ ಈ ದಿನ ಎಂಟು ಗಂಟೆಗೆ ಅವನ ಧ್ವಜ ಮೇಲೇರುತ್ತಿತ್ತು. ತನ್ನ ಹುಟ್ಟುಹಬ್ಬಕ್ಕೆ ತಾನೇ ಏರಿಸಿಕೊಳ್ಳುವ ಒಂಟಿ ಮುದುಕ ಎಂದು ಪ್ರತಿ ವರ್ಷ ನಾನು ಮನಸ್ಸಿನಲ್ಲೇ ಹಂಗಿಸುತ್ತಿದ್ದೆ. ಇವತ್ತು ಎಂಟಾಯಿತು. ಎಂಟು ಕಳೆದು ಒಂದು ನಿಮಿಷವಾಯಿತು. ಕಂಬ ಬೋಳಾಗಿಯೇ ಇತ್ತು.

ರೋಂಡಾ ಪಕ್ಕದಲ್ಲಿ ಬಂದು ನಿಂತಳು. "ಧ್ವಜ ಎಲ್ಲಿ?"

"ಅವನಿಗೆ ಕೈಲಾಗದು. ಹಗ್ಗ ಎಳೆಯುವಷ್ಟು ಉಸಿರಿಲ್ಲ."

"ನಾನು ಹೋಗಿ ಏರಿಸ್ಲಾ?"

"ನೀನು? ನೆಲಕ್ಕೆ ತಾಗಿಸಿಬಿಡ್ತೀಯ."

"ಹಂಗಾದ್ರೆ ಸುಮ್ನೆ ಕಿಟಕಿ ಪಕ್ಕ ನಿಂತ್ಕೊಳ್ಳೋಣ," ಎಂದಳು.

ಹೊರಗಿನವಳು, ಬಂದು ಒಂದು ದಿನವಾಗಿಲ್ಲ, ನನ್ನ ಅಡುಗೆಮನೆಯಲ್ಲಿ ನಿಂತು ನನಗೇ ಹೀಗನ್ನುತ್ತಾಳೆ. ಅವಳಿಗೆ ಸರಿಯಾಗಿ ಉತ್ತರ ಕೊಡಬೇಕಿತ್ತು. ಕೊಡಲು ಬಾಯಿ ತೆರೆದಾಗ ನಾನಾಗಲೇ ಬೂಟು ಹಾಕಿಕೊಳ್ಳುತ್ತಿದ್ದೆ.

ಬೇಲಿಯಲ್ಲಿ ಬಾಗಿಲಿಲ್ಲ. ರಸ್ತೆಗೆ ಇಳಿದು ಸುತ್ತಿಕೊಂಡು ಹೋಗಬೇಕು. ನೂರ ಮೂವತ್ತು ಹೆಜ್ಜೆ. ಇಷ್ಟು ಹತ್ತಿರ ಎಂದು ಮರೆತೇಹೋಗಿತ್ತು. ಗಂಟೆ ಒತ್ತಿ ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಅಮ್ಮನ ಮನೆಯ ವಾಸನೆ ಹಾಗೇ ಇದೆ, ಪೈಪಿನ ಹೊಗೆ ಒಂದು ಸೇರಿಕೊಂಡಿದೆ. ಎಗನ್ ಬಾಗಿಲ ಚೌಕಟ್ಟು ಹಿಡಿದು ನಿಂತ. ಉಸಿರು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಹೋದ ಸಲ ಸಿಕ್ಕಿದ್ದಕ್ಕೆ ಥ್ಯಾಂಕ್ಸ್," ಎಂದ.

ಹೋದ ಸಲ ನಾವು ಎದುರುಬದುರು ನಿಂತದ್ದು ಇದೇ ಹೊಸ್ತಿಲಲ್ಲಿ, ಹನ್ನೊಂದು ವರ್ಷದ ಹಿಂದೆ, ನಾನು ಬೈದ ಆ ಬೆಳಿಗ್ಗೆ. ಅವನು ಹಾಸ್ಯಕ್ಕೆ ಅಂದನೋ ನಿಜಕ್ಕೆ ಅಂದನೋ ತಿಳಿಯಲಿಲ್ಲ. ಎಗನ್ನನ ಮುಖದಲ್ಲಿ ಅದು ಎಂದೂ ತಿಳಿಯುತ್ತಿರಲಿಲ್ಲ.

"ಥ್ಯಾಂಕ್ಸ್," ಎಂದೆ. "ಧ್ವಜ ಎಲ್ಲಿ?"

"ಅಲ್ಲೇ. ಅಮ್ಮನ ಕಪಾಟಲ್ಲಿ."

ಅಷ್ಟೇ ಮಾತು. ಹಗ್ಗ ಸಿಕ್ಕಾಗಿತ್ತು, ಬಿಡಿಸಿದೆ. ಧ್ವಜ ತುದಿ ಮುಟ್ಟಿದಾಗ ಎಂಟು ಹದಿನೇಳು. ಹದಿನೇಳು ನಿಮಿಷ ತಡ. ಈ ಮನೆಯ ಇತಿಹಾಸದಲ್ಲೇ ಹೀಗಾಗಿರಲಿಲ್ಲ. ಬೇಲಿಯಾಚೆ ನನ್ನ ಅಡುಗೆಮನೆಯ ಕಿಟಕಿಯಲ್ಲಿ ಇಬ್ಬರು ಹೆಂಗಸರು ನಾಚಿಕೆಯಿಲ್ಲದೆ ನೋಡುತ್ತ ನಿಂತಿದ್ದರು.

ಏರಿಸಿದವನು ಇಳಿಸಬೇಕಲ್ಲ. ಸೂರ್ಯಾಸ್ತ ಏಳು ನಲವತ್ತಕ್ಕೆ. ಏಳಕ್ಕೆ ಹೋದೆ, ಗಾಳಿ ಹೇಗಿದೆ ನೋಡಬೇಕಿತ್ತು. ಎಗನ್ ಅಮ್ಮನ ಬೆತ್ತದ ಕುರ್ಚಿಯನ್ನು ಅಂಗಳಕ್ಕೆ ತರಿಸಿಕೊಂಡು ಕಂಬಳಿ ಹೊದ್ದು ಕುಳಿತಿದ್ದ. ರೋಂಡಾ ತಂದಿಟ್ಟು ಹೋದಳಂತೆ. ಕೇಕನ್ನೂ ಕೊಟ್ಟು ಹೋಗಿದ್ದಾಳೆ. ನನ್ನ ಮನೆಗೆ ಬಂದ ಅತಿಥಿ, ನನ್ನನ್ನು ಒಂದು ಮಾತು ಕೇಳದೆ.

ಸೂರ್ಯ ಊರಿನಂಚಿನ ಜಲಸಂಧಿಯ ಮೇಲೆ ಇಳಿಯುತ್ತಿದ್ದ. ನಾನು ಹಗ್ಗ ಬಿಚ್ಚಿದೆ. ಎಗನ್ ಎದ್ದು ನಿಂತು ಎರಡೂ ಕೈ ಚಾಚಿದ. ಕೈಗಳಲ್ಲಿ ಮೂಳೆ ಬಿಟ್ಟರೆ ಏನೂ ಉಳಿದಿಲ್ಲ. ಧ್ವಜ ಮೆಲ್ಲಗೆ ಅವನ ತೋಳಿನ ಮೇಲೆ ಬಂದು ಬಿತ್ತು. ಒಂದು ಮೂಲೆಯೂ ನೆಲಕ್ಕೆ ತಾಗಲಿಲ್ಲ.

"ಅವತ್ತು ಧ್ವಜ ನಂಗೂ ಕಂಡಿತ್ತು," ಎಂದ.

ನಾನು ಹಗ್ಗ ಸುತ್ತುತ್ತಿದ್ದೆ.

"ನೀನು ಹೋಗ್ತೀಯ ಅಂತ ಕೂತಿದ್ದೆ ಕಣೋ. ನೀನು ಕೋಟು ಹಾಕ್ಕೊಂಡೆ, ಬಾಗಿಲಿಗೂ ಹೋದೆ. ಸರಿ, ಹೋದ ಅಂದ್ಕೊಂಡೆ. ಆಮೇಲೆ ನೀನು ವಾಪಸ್ ಬಂದು ಕೂತೆ." ಸ್ವಲ್ಪ ಹೊತ್ತು ಉಸಿರೆಳೆದುಕೊಂಡ. "ಅಮ್ಮ ಯಾವತ್ತೂ ಧ್ವಜ ನನ್ನ ಕೈಗೆ ಕೊಟ್ಟೋಳಲ್ಲ. ಚಿಕ್ಕಂದಿನಿಂದ ನಿನಗೇ ಕೊಡೋಳು. ನಿನ್ನ ಕೈ ಗಟ್ಟಿ ಅನ್ನೋಳು. ಅವಳ ಕೊನೇ ದಿನ ನಾನು ಮುಟ್ಟಿದ್ರೆ ನಿನಗೆ ಬೇಜಾರಾಗತ್ತೆ ಅಂತ ಸುಮ್ನಿದ್ದೆ."

"ಮತ್ತೆ ಬೆಳಿಗ್ಗೆ ನಾನು ಬೈದಾಗ ಯಾಕೆ ಹೇಳಲಿಲ್ಲ?"

"ನೀನು ಕೇಳೋಕೆ ಬಂದಿರಲಿಲ್ಲ."

ಹನ್ನೊಂದು ವರ್ಷ! ಇಷ್ಟು ಹೇಳಲು ಈ ಕತ್ತೆಗೆ ಹನ್ನೊಂದು ವರ್ಷ ಬೇಕಾಯಿತು. ಇಂಥ ದಡ್ಡನನ್ನು ನಾನು ಇಡೀ ಜಿಲ್ಲೆಯಲ್ಲಿ ಕಂಡಿಲ್ಲ. ನಾನೂ ಏನನ್ನೋ ಹೇಳಬೇಕಿತ್ತು, ನಾಲ್ಕೂಮುಕ್ಕಾಲರ ವಿಷಯ. ಹೇಳಲಾಗಲಿಲ್ಲ. ಹಗ್ಗವನ್ನು ಇನ್ನೊಂದು ಸುತ್ತು ಸುತ್ತಿದೆ.

ಅವನು ಧ್ವಜ ಮಡಿಸತೊಡಗಿದ. ನಮ್ಮ ಮನೆಯ ಕ್ರಮದಲ್ಲಿ ಕೆಂಪು ಬಟ್ಟೆ ಹೊರಗಿರಬೇಕು, ಬಿಳಿ ಶಿಲುಬೆ ಒಳಗೆ. ಅವನು ಶಿಲುಬೆ ಮೇಲೆ ಬರುವ ಹಾಗೆ ಮಡಿಸಿದ.

"ಮಡಿಕೆ ತಪ್ಪು," ಎಂದೆ.

"ನನಗೆ ಯಾರು ಕಲಿಸಿದ್ರು?" ಎಂದ.

ಸೆಪ್ಟೆಂಬರ್ 13

ಬೆಳಿಗ್ಗೆ ಎಗನ್ನನಿಗೆ ಮಡಿಕೆ ಕಲಿಸಲು ಹೋದೆ. ಕಲಿಯುವ ತಲೆ ಅಲ್ಲ. ಎರಡು ಗಂಟೆ ಹಿಡಿಯಿತು.

ರೋಂಡಾ ಹೊರಡುವಾಗ ಊಟಕ್ಕೆ, ಕಾಫಿಗೆ, ಹಾಸಿಗೆಗೆ, ಎಲ್ಲಕ್ಕೂ ಥ್ಯಾಂಕ್ಸ್ ಹೇಳಿದಳು. ಡೆನ್ಮಾರ್ಕ್ ಹೇಗನ್ನಿಸಿತು ಎಂದು ಲಿಸ್ಬೆತ್ ಕೇಳಿದಳು.

"ಪರವಾಗಿಲ್ಲ," ಎಂದಳು ರೋಂಡಾ, ನನ್ನನ್ನೇ ನೋಡಿಕೊಂಡು.

ಸೆಪ್ಟೆಂಬರ್ 20

ಅಮೆರಿಕದವರು ನಿನ್ನೆ ಹೋದರು. ಸಂಸ್ಕೃತಿಯ ಪಾಠಗಳು ಬಹಳ ಪರಿಣಾಮ ಬೀರಿವೆ ಎಂದು ಎಸ್ಬೆನ್ ವರದಿ ಬರೆದಿದ್ದಾನಂತೆ. ಯಾರ ಮೇಲೆ ಎಂದು ಕೇಳಬೇಕಿತ್ತು.

ಬೇಲಿಯ ನಡುವೆ ಎರಡು ಗಿಡ ಒಣಗಿದ ಹಾಗಿದ್ದವು. ಕಿತ್ತೆ. ಒಬ್ಬ ಮನುಷ್ಯ ಮಗ್ಗುಲಾಗಿ ದಾಟುವಷ್ಟು ಸಂದಿ ಆಗಿದೆ. ಕಿತ್ತ ಮೇಲೆ ನೋಡಿದರೆ ಬೇರು ಹಸಿಯಾಗಿಯೇ ಇತ್ತು. ಹೋಗಲಿ.

ಅಕ್ಟೋಬರ್ 4

ಇವತ್ತೂ ಮಡಿಕೆ. ಕೆಂಪು ಹೊರಗೆ ಕಣೋ, ಕೆಂಪು ಹೊರಗೆ ಎಂದರೆ ಕೆಮ್ಮುತ್ತ ನಗುತ್ತಾನೆ. ಬೇಕೆಂದೇ ತಪ್ಪು ಮಾಡುತ್ತಾನೆಂದು ನನಗೆ ಅನುಮಾನ. ಕಲಿತುಬಿಟ್ಟರೆ ನಾನು ಬರುವುದು ನಿಲ್ಲಿಸುತ್ತೇನೆ ಎಂದುಕೊಂಡಿರಬೇಕು. ಎಂಥ ಕುತಂತ್ರಿ.

ನಾಲ್ಕೂಮುಕ್ಕಾಲರ ವಿಷಯ ಹೇಳಿದೆ. ಅವನು ಬೇಕೆಂದೇ ಕುಳಿತಿದ್ದಾನೆ ಎಂದುಕೊಂಡು ನಾನೂ ಬೇಕೆಂದೇ ಕುಳಿತೆ ಎಂದೆ. ಮಡಿಸಿದ್ದನ್ನು ಅವನು ಮತ್ತೆ ಬಿಚ್ಚಿದ.

"ಪಾಪ ಅಮ್ಮ," ಎಂದ ಆಮೇಲೆ. "ಇಬ್ಬರೂ ಕಾಫಿ ಕುಡಿದ್ವಿ, ಅವಳೊಬ್ಬಳೇ ನೆಂದಳು."

ಅಕ್ಟೋಬರ್ 17

ಹಾಸಿಗೆ ಹಿಡಿದಿದ್ದಾನೆ. ಮಂಚವನ್ನು ಕಿಟಕಿಯ ಬಳಿಗೆ ಎಳೆದೆವು, ಕಂಬ ಕಾಣುವ ಹಾಗೆ. ಭಾರದ ಮಂಚ. ಅವನು ಭಾರವಿಲ್ಲ.

ಅಕ್ಟೋಬರ್ 29

ಬೆಳಿಗ್ಗೆ ಐದು ಹತ್ತಕ್ಕೆ ಎಗನ್ನನ ಮಂಚದ ಪಕ್ಕದ ದೀಪ ಹತ್ತಲಿಲ್ಲ.

ನವೆಂಬರ್ 5

ಎಂಟಕ್ಕೆ ಧ್ವಜವನ್ನು ತುದಿಗೆ ಏರಿಸಿ ಅರ್ಧಕ್ಕೆ ಇಳಿಸಿದೆ. ಹನ್ನೊಂದಕ್ಕೆ ಚರ್ಚು. ಪಾದ್ರಿ ಎಗನ್ನನನ್ನು ಮೌನಿ, ಸಜ್ಜನ ಎಂದ. ಅವನಿಗೇನು ಗೊತ್ತು, ಬಂದು ಎರಡು ವರ್ಷವಾಗಿಲ್ಲ.

ಮಣ್ಣು ಮುಗಿದ ಮೇಲೆ ಭವನದಲ್ಲಿ ಕಾಫಿ. ಎಸ್ಬೆನ್ ನನ್ನನ್ನು ಕಿಟಕಿಯ ಪಕ್ಕ ಕೂರಿಸಿದ. ಅದೇ ಜಾಗ. ಲಿಸ್ಬೆತ್ ಲೋಟಕ್ಕೆ ಕಾಫಿ ಬಗ್ಗಿಸುವಾಗಲೇ ನಾನು ಎದ್ದೆ.

"ಎಲ್ಲಿಗೆ ಥೋರ್ಕಿಲ್? ಕಾಫಿ ಆರಿಹೋಗತ್ತೆ," ಎಂದ ಎಸ್ಬೆನ್.

"ಆರಲಿ."

ಹನ್ನೆರಡು ಇಪ್ಪತ್ತೈದಕ್ಕೆ ಧ್ವಜ ತುದಿಯಲ್ಲಿತ್ತು. ಭವನದ ಕಿಟಕಿಗಳಲ್ಲಿ ಮುಖಗಳು ಸಾಲಾಗಿ ಕಾಣುತ್ತಿದ್ದವು. ಒಳಗೆ ಹೋಗಲು ಮನಸ್ಸಾಗಲಿಲ್ಲ. ಅಂಗಳದಲ್ಲಿ ಬೆತ್ತದ ಕುರ್ಚಿ ಇನ್ನೂ ಇತ್ತು. ನಾಲ್ಕೂವರೆವರೆಗೆ ಅದರಲ್ಲೇ ಕುಳಿತಿದ್ದೆ. ಚಳಿ ಇತ್ತು.

ಇಳಿಸುವ ಹೊತ್ತಿಗೆ ಲಿಸ್ಬೆತ್ ಬೇಲಿಯ ಸಂದಿಯಿಂದ ಬಂದು ಕೈಚಾಚಿದಳು. ಬೇಡ ಎಂದೆ. ಒಂದು ಕೈಯಲ್ಲಿ ಹಗ್ಗ ಬಿಡುತ್ತ ಬಟ್ಟೆಯನ್ನು ಹೆಗಲ ಮೇಲೆ ಇಳಿಸಿಕೊಂಡೆ. ಒಬ್ಬನೇ ಮಾಡಬಾರದ ಕೆಲಸ ಅದು, ಆದರೂ ನೆಲಕ್ಕೆ ತಾಗಲಿಲ್ಲ. ಒಳಗೆ ಅಮ್ಮನ ಮೇಜಿನ ಮೇಲೆ ಹರಡಿ ಮಡಿಸಿದೆ. ಶಿಲುಬೆ ಮೇಲೆ ಬರುವ ಹಾಗೆ, ಎಗನ್ ಮಡಿಸುತ್ತಿದ್ದ ಹಾಗೆ, ತಪ್ಪಾಗಿ.